ಕಪ್ಪಾಗುವ ಕೆನ್ನೆ

ಭಾವಚಿತ್ರವೆಂದರೆ ವ್ಯಕ್ತಿಯೊಬ್ಬರ ಮುಖದ ಹೋಲಿಕೆಯನ್ನು ಬಣ್ಣದಲ್ಲಿ ಹಿಡಿಯುವ ಕೃತಿ. ಮುಂಗಡ ಪಡೆದು ಬರೆಯುವ ಭಾವಚಿತ್ರವೆಂದರೆ, ಆ ಹೋಲಿಕೆಯನ್ನು ಹಣ ಕೊಟ್ಟವರು ಒಪ್ಪುವವರೆಗೂ ತಿದ್ದುತ್ತಲೇ ಇರಬೇಕಾದ ಕೃತಿ. ರಾಜಾ ರವಿವರ್ಮ ಬಳಸುತ್ತಿದ್ದ ತೈಲವರ್ಣವು ಒಣಗಲು ದಿನಗಟ್ಟಲೆ ಹಿಡಿಯುವುದರಿಂದ ಅಂಥ ತಿದ್ದುಪಡಿಗೆ ಎಡೆಗೊಡುತ್ತದೆ. 1950ರ ದಶಕದಲ್ಲಿ ಮಾರುಕಟ್ಟೆಗೆ ಬಂದ, ನೀರಿನಲ್ಲಿ ಕಲಸುವ ಅಕ್ರಿಲಿಕ್‌ಗೆ ಅಷ್ಟು ತಾಳ್ಮೆಯಿಲ್ಲ. ತೆಳುವಾಗಿ ಹಚ್ಚಿದರೆ ನಿಮಿಷಗಳಲ್ಲೇ ಒಣಗಿ, ಮತ್ತೆ ನೀರಿಗೆ ಕರಗದ ಪ್ಲಾಸ್ಟಿಕ್ ಪೊರೆಯಾಗಿಬಿಡುತ್ತದೆ. ಇದಲ್ಲದೆ, ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು ಹಸಿಯಿದ್ದಾಗ ಹಾಲಿನಂತೆ ಬೆಳ್ಳಗಿದ್ದು, ನೀರಾರಿದಂತೆ ಪಾರದರ್ಶಕವಾಗುವುದರಿಂದ, ಒಣಗಿದ ಬಣ್ಣವು ಹಸಿ ಬಣ್ಣಕ್ಕಿಂತ ಗಾಢವಾಗಿ ಕಾಣುತ್ತದೆ.

ಇಷ್ಟನ್ನೂ ಬಲ್ಲವನಾಗಿದ್ದ ಈ ಪ್ರಬಂಧದ ಕರ್ತೃವು, ಮೈಸೂರಿನ ಮನೆಯೊಂದರ ದಿವಂಗತ ಯಜಮಾನರ ಚಿತ್ರವನ್ನು ಅವರ ನಡುಮನೆಯಲ್ಲೇ, ಮನೆಮಂದಿಯ ಕಣ್ಣೆದುರೇ ಅಕ್ರಿಲಿಕ್‌ನಲ್ಲಿ ಮುಗಿಸಿಕೊಡುವುದಾಗಿ ಜಂಬದಿಂದ ಒಪ್ಪಿಕೊಂಡನು. ಹಿರಿಯ ಮಗನ ಬೇಡಿಕೆ ಒಂದೇ ಆಗಿತ್ತು: "ಸ್ವಲ್ಪ ಬೆಳ್ಳಗೆ ಮಾಡಿ ಸಾರ್."

ಟೈಟೇನಿಯಂ ವೈಟ್ ಧಾರಾಳವಾಗಿ ಬೆರೆಸಿ ಬಲಗೆನ್ನೆಗೆ ಹಚ್ಚಿದಾಗ ಎಲ್ಲರೂ ತೃಪ್ತರಾಗಿ ಕಾಫಿಗೆ ಕುಳಿತರು. ಮೊದಲ ಗುಟುಕಿನ ವೇಳೆಗೆ ಕೆನ್ನೆಯು ಹಾಲು ಮುಂದಾದ ಕಾಫಿಯಂತಿತ್ತು. ಲೋಟವನ್ನು ಎತ್ತಿ ಹುಯ್ದು ಆರಿಸುವಷ್ಟರಲ್ಲಿ ಹದವಾದ ಕಾಫಿಯಾಯಿತು. ಲೋಟಗಳು ಬರಿದಾಗುವಾಗ ನಿಧಾನವಾಗಿ, ಯಾರನ್ನೂ ಕೇಳದೆ, ಡಿಕಾಕ್ಷನ್ನಿನತ್ತ ಜಾರುತ್ತಿತ್ತು. ಆಮೇಲೆ ಹಚ್ಚಿದ ಎಡಗೆನ್ನೆ ಇನ್ನೂ ಹಸಿಯಿದ್ದುದರಿಂದ ಯಜಮಾನರು ಕಿಟಕಿಗೆ ಅರ್ಧ ಮುಖವೊಡ್ಡಿ ಒಂದು ಬೇಸಿಗೆ ಕಳೆದವರಂತೆ ಕಂಡರು. ಮೊಮ್ಮಗಳು ಸಹಾಯಕ್ಕೆಂದು ಹೇರ್ ಡ್ರೈಯರ್ ತಂದು ಹಿಡಿದದ್ದರಿಂದ ಕಪ್ಪಾಗುವ ಕೆಲಸ ಇನ್ನಷ್ಟು ಚುರುಕಾಯಿತು. ಮತ್ತೆ ಬಿಳಿ, ಮತ್ತೆ ಗಾಳಿ. ಬಿಳುಪೇ ಗೌರವವೆಂದು ನಂಬಿದವರಿಗೆ ಚಿತ್ರಕಾರನೇಕೆ, ಸುಣ್ಣ ಬಳಿಯುವವನೇ ಸಾಕಲ್ಲವೇ ಎಂಬ ಮಾತು ಕರ್ತೃವಿನ ನಾಲಿಗೆಯ ತುದಿಗೆ ಬಂದಿತ್ತಾದರೂ, ಬರಬೇಕಿದ್ದ ಅರ್ಧ ಹಣವು ಅದನ್ನು ಅಲ್ಲಿಯೇ ತಡೆಯಿತು. ಐದನೆಯ ಲೇಪಕ್ಕೆ ಮುಖವು ಪೌಡರ್ ಡಬ್ಬಿಯೊಳಗೆ ಬಿದ್ದೆದ್ದಂತಾಗಿ, ಮಗನಿಗೆ ಸಂಪೂರ್ಣ ಒಪ್ಪಿಗೆಯಾಯಿತು.

ಅಷ್ಟರಲ್ಲಿ ಅಡುಗೆಮನೆಯಿಂದ ಬಂದ ಅಜ್ಜಿ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ನೋಡಿದರು. "ಯಾರೋ ಇದು?"

"ಅಪ್ಪ ಕಣಮ್ಮ."

"ಮೂವತ್ತು ವರ್ಷ ಬಿಸಿಲಲ್ಲಿ ಸೈಕಲ್ ತುಳಿದು ನಿಮ್ಮನ್ನೆಲ್ಲ ಓದಿಸಿದ್ರಲ್ಲೋ, ಆ ಬಿಸಿಲೆಲ್ಲ ಎಲ್ಲಿ ಹೋಯ್ತು?"

ಮೊಮ್ಮಗಳು ಹೇರ್ ಡ್ರೈಯರ್ ಆರಿಸಿದಳು. ಕರ್ತೃವು ಬರ್ನ್ಟ್ ಸಿಯೆನ್ನಾ, ಎಂದರೆ ಕಬ್ಬಿಣದ ಅಂಶವುಳ್ಳ ಮಣ್ಣನ್ನು ಸುಟ್ಟು ಪಡೆಯುವ ಕೆಂಗಂದು ಬಣ್ಣ, ಅದರ ಟ್ಯೂಬಿನ ಮುಚ್ಚಳವನ್ನು ತಿರುಗಿಸತೊಡಗಿದನು.