ತಾರಸಿ ಕಮ್ಮಾರರು

ಭಾನುವಾರ ಬೆಳಿಗ್ಗೆ ನಿಮ್ಮ ಬೀದಿಯಲ್ಲಿ ಟಣ್ ಟಣ್ ಸದ್ದು ಕೇಳಿಬಂದು, ಅದು ದೇವಸ್ಥಾನದ ಗಂಟೆಯೂ ಅಲ್ಲ, ಗ್ಯಾಸ್ ಸಿಲಿಂಡರಿನ ಹುಡುಗನೂ ಅಲ್ಲ ಎಂದು ಖಾತ್ರಿಯಾದರೆ ಒಮ್ಮೆ ತಲೆಯೆತ್ತಿ ಅಕ್ಕಪಕ್ಕದ ತಾರಸಿಗಳನ್ನು ನೋಡಿ. ದಪ್ಪ ಕನ್ನಡಕ, ಮೊಣಕೈವರೆಗೆ ಕೈಗವಸು, ಮೊಣಕಾಲಿನವರೆಗೆ ಚರ್ಮದ ಏಪ್ರನ್ನು ತೊಟ್ಟ ನಲವತ್ತೈದರ ಆಸುಪಾಸಿನ ಗಂಡಸೊಬ್ಬರು ಕಂಡರೆ ಅವರೇ ತಾರಸಿ ಕಮ್ಮಾರರು. ವಾರದಲ್ಲಿ ಐದು ದಿನ ಯಾವುದೋ ಕಂಪನಿಯಲ್ಲಿ ಡೆಲಿವರಿ ಮ್ಯಾನೇಜರ್, ಮಿಕ್ಕ ಎರಡು ದಿನ ಚಾಕು ಮಾಡುತ್ತಾರೆ. ಮಾಡಿ ಮುಗಿಸಿದ ಚಾಕುವನ್ನು ಕಂಡವರು ಮಾತ್ರ ಕಡಿಮೆ.

ನಮ್ಮ ಬೀದಿಯಲ್ಲೂ ಒಬ್ಬರಿದ್ದಾರೆ. ಬಡಾವಣೆಯವರು ಅವರಿಗೆ ಕುಲುಮೆರಾಯರು ಎಂದು ಹೆಸರಿಟ್ಟಿದ್ದಾರೆ. ಈಗೀಗ ಅವರ ಮನೆಯವರೂ ಹಾಗೇ ಕರೆಯುವುದರಿಂದ ನಾನು ಕರೆದರೆ ತಪ್ಪಿಲ್ಲ. ಇದಕ್ಕೆ ಮೊದಲು ರಾಯರು ಸೈಕಲ್ ತುಳಿಯುತ್ತಿದ್ದರು. ಅದಕ್ಕೂ ಮೊದಲು ಮನೆಯಲ್ಲೇ ಹಿಟ್ಟು ಹುಳಿಬರಿಸಿ ಬ್ರೆಡ್ ಸುಡುತ್ತಿದ್ದರು. ಆ ಬ್ರೆಡ್ಡನ್ನು ಕೊಯ್ಯಲು ಮನೆಯ ಯಾವ ಚಾಕುವೂ ಸಾಲದೆ ಈ ವಿದ್ಯೆಗೆ ಇಳಿದರು ಎಂಬುದು ಅವರ ಅತ್ತೆಯ ಅಭಿಪ್ರಾಯ. ರಾಯರು ಒಪ್ಪುವುದಿಲ್ಲ. 2015ರಲ್ಲಿ ಅಮೆರಿಕದಲ್ಲಿ ಶುರುವಾದ ‘ಫೋರ್ಜ್ಡ್ ಇನ್ ಫೈರ್’ ಎಂಬ ಟೀವಿ ಸ್ಪರ್ಧೆಯಲ್ಲಿ ಗಡ್ಡದ ಮಹನೀಯರು ಗಡುವಿನೊಳಗೆ ಕತ್ತಿ ಬಡಿದು ಮುಗಿಸುವುದನ್ನು ನೋಡಿ ತಮ್ಮ ಜನ್ಮದ ಉದ್ದೇಶ ಹೊಳೆಯಿತು ಎನ್ನುತ್ತಾರೆ.

ಯಾವ ತಾರಸಿ ಕಮ್ಮಾರರೂ ಚಾಕುವಿನಿಂದ ಶುರು ಮಾಡುವುದಿಲ್ಲ, ಖರೀದಿಯಿಂದ ಶುರು ಮಾಡುತ್ತಾರೆ. ಮೊದಲು ಅಡಿಗಲ್ಲು. ಅದರ ಬೆಲೆ ಕೇಳಿ ಬೆವರಿದ ಮೇಲೆ ಎಲ್ಲರ ಮನಸ್ಸೂ ರೈಲು ಹಳಿಯ ತುಂಡಿನತ್ತ ಹೊರಳುತ್ತದೆ. ರಾಯರೂ ಗುಜರಿಯಿಂದ ಮೊಳದುದ್ದದ ತುಂಡೊಂದನ್ನು ಹೊತ್ತು ತಂದರು. ಎದುರುಮನೆಯ ವಕೀಲರು ಕಾಫಿ ಕುಡಿಯುತ್ತಾ, ರೈಲ್ವೆ ಆಸ್ತಿ ಇಟ್ಟುಕೊಳ್ಳುವವರಿಗಾಗಿಯೇ 1966ರಲ್ಲಿ ಕಾಯಿದೆಯೊಂದು ಬಂದಿದೆ, ಕದ್ದ ಮಾಲು ಎಂದಾದರೆ ಐದು ವರ್ಷದವರೆಗೂ ಒಳಗಿರಬಹುದು ಎಂದರು. ಹಳಿ ಅಂದೇ ಸಂಜೆ ಗುಜರಿಗೆ ಮರಳಿತು. ಅದರ ಜಾಗಕ್ಕೆ ಲೇತ್ ಅಂಗಡಿಯ ಉಕ್ಕಿನ ದಿಮ್ಮಿ ಬಂತು, ರಸೀದಿ ಸಮೇತ. ರಸೀದಿಯನ್ನು ಲ್ಯಾಮಿನೇಟ್ ಮಾಡಿಸಿ ದಿಮ್ಮಿಯ ಪಕ್ಕದಲ್ಲೇ ತೂಗುಹಾಕಿದ್ದಾರೆ.

ಕುಲುಮೆ ಎಂದರೆ ಬೆಂಕಿ ತಡೆಯುವ ಇಟ್ಟಿಗೆಯ ಗೂಡು, ಅದರೊಳಗೆ ತೆಂಗಿನ ಚಿಪ್ಪಿನ ಇದ್ದಿಲು. ತಿದಿಯ ಬದಲಿಗೆ ಹೆಂಡತಿಯ ಹೇರ್ ಡ್ರೈಯರ್. ಮೊದಲ ದಿನವೇ ಡ್ರೈಯರಿನ ಮೂತಿ ಕರಗಿದ್ದರಿಂದ ಅದಕ್ಕೊಂದು ಪೈಪು ಜೋಡಿಸಬೇಕಾಯಿತು. ಸತು ಬಳಿದ ನೀರಿನ ಪೈಪು ಕಾದರೆ ಬರುವ ಹೊಗೆ ಕುಡಿದವರಿಗೆ ಜ್ವರ ಹಿಡಿಯುತ್ತದೆಂದು ಓದಿಕೊಂಡಿದ್ದ ರಾಯರು ಬರೀ ಕಬ್ಬಿಣದ ಪೈಪಿಗಾಗಿ ಬೆಂಗಳೂರಿನ ಎಸ್‌ಜೆಪಿ ರಸ್ತೆಯಿಡೀ ಅಲೆದರು. ಇದೊಂದಕ್ಕೆ ಅವರನ್ನು ಮೆಚ್ಚಬೇಕು.

ಉಕ್ಕು ಬಂದದ್ದು ಜೆ.ಸಿ. ರಸ್ತೆಯಿಂದ, ಹಳೆಯ ಲಾರಿಯ ಸ್ಪ್ರಿಂಗ್ ಪ್ಲೇಟು. ಊರ ಕಡೆಯ ಆಚಾರಿಗಳು ಕತ್ತಿ ಬಡಿಯುವುದೂ ಇದರಲ್ಲೇ. ಆದರೆ ರಾಯರ ಬಾಯಲ್ಲಿ ಅದು ‘ಫಿಫ್ಟಿಒನ್ ಸಿಕ್ಸ್ಟಿ’. ಹಳೆಯ ಪ್ಲೇಟು ಯಾವ ಉಕ್ಕಿನದೆಂದು ಕಣ್ಣಲ್ಲಿ ನೋಡಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಆದರೂ ನಂಬರ್ ಇಲ್ಲದ ವಸ್ತುವಿನ ಮೇಲೆ ಮ್ಯಾನೇಜರುಗಳಿಗೆ ಭಕ್ತಿ ಹುಟ್ಟುವುದಿಲ್ಲ.

ಮನೆಗೆ ಯಾರಾದರೂ ಬಂದರೆ ರಾಯರು ಇತಿಹಾಸ ಬಡಿಯುತ್ತಾರೆ, ಅದಕ್ಕೆ ಇದ್ದಿಲಿನ ಖರ್ಚಿಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿ ಉಕ್ಕು ತೆಗೆಯುವುದನ್ನು ನೋಡಿ ಬರೆದಿಟ್ಟದ್ದು, ಮಣ್ಣಿನ ಮೂಸೆಯಲ್ಲಿ ತಯಾರಾದ ದಕ್ಷಿಣದ ಉಕ್ಕು ಹಡಗೇರಿ ಹೋಗಿ ಪಶ್ಚಿಮ ಏಷ್ಯಾದಲ್ಲಿ ಅಲೆಅಲೆ ಗೆರೆಯ ಕತ್ತಿಯಾದದ್ದು, ಅದರ ಗುಟ್ಟು ಬಿಡಿಸಲು ಕಮ್ಮಾರನ ಮಗ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ತಿಣುಕಿದ್ದು, ಎಲ್ಲವೂ ನಿಜ. ಇಷ್ಟು ಹೇಳಿ, ಆನ್‌ಲೈನಿನಲ್ಲಿ ತರಿಸಿದ ‘ಡಮಾಸ್ಕಸ್’ ಚಾಕುವೊಂದನ್ನು ಮಕಮಲ್ಲಿನ ಬಟ್ಟೆಯಿಂದ ಬಿಚ್ಚಿ ತೋರಿಸುತ್ತಾರೆ. ಅದರ ಮೇಲಿನ ಗೆರೆ ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು ಫೆರಿಕ್ ಕ್ಲೋರೈಡಿನಲ್ಲಿ ಅದ್ದಿ ತೆಗೆದಾಗ ಮೂಡಿದ್ದು. ಬುಕನನ್ ಕಂಡ ಉಕ್ಕಿಗೂ ಅದಕ್ಕೂ ಮೈಸೂರು ಪಾಕಿಗೂ ಮೈಸೂರು ಬೋಂಡಾಕ್ಕೂ ಇರುವಷ್ಟು ನೆಂಟಸ್ತಿಕೆ ಇದೆ. ಅದನ್ನು ಬಾಯಿಬಿಟ್ಟು ಹೇಳುವವರು ಆ ಮನೆಯಲ್ಲಿ ಕಾಫಿಯ ಆಸೆ ಬಿಟ್ಟಿರಬೇಕು.

ಇನ್ನು ಬಡಿಯುವುದು. ಮೊದಲ ಚಾಕು ಒಡಿಕತ್ತಿಯಾಗಿ ಶುರುವಾಯಿತು. ಕೊಡವರ ಸೊಂಟದ ಹಿಂದೆ ಸಿಕ್ಕಿಸಿರುವಂಥದ್ದು, ಬೀಸಿದರೆ ಬಾಳೆಗಿಡ ಎರಡಾಗುವಂಥದ್ದು. ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು, ಅಡುಗೆಗೋ ಬೇಸಾಯಕ್ಕೋ ಅಲ್ಲದಿದ್ದರೆ, ಆಯುಧ ಕಾಯಿದೆಯ ಲೆಕ್ಕಕ್ಕೆ ಬರುತ್ತದೆ ಎಂದು ವಕೀಲರು ಮತ್ತೆ ಕಾಫಿಗೆ ಬಂದು ಹೇಳಿಹೋದರು. ಆತಂಕಕ್ಕೆ ಕಾರಣವಿರಲಿಲ್ಲ. ಪ್ರತಿ ಸಲ ಕಾದಾಗಲೂ ಉಕ್ಕಿನ ಮೈಯಿಂದ ಒಂದು ಪೊರೆ ಕಿಟ್ಟವಾಗಿ ಉದುರುತ್ತದೆ, ಪ್ರತಿ ತಪ್ಪು ಏಟಿಗೂ ಒಂದಿಷ್ಟನ್ನು ಉಜ್ಜಿ ತೆಗೆಯಬೇಕಾಗುತ್ತದೆ. ಒಡಿಕತ್ತಿ ದಸರೆಯ ಹೊತ್ತಿಗೆ ಮಚ್ಚಾಯಿತು, ದೀಪಾವಳಿಗೆ ತರಕಾರಿ ಚಾಕು. ಆಯುಧಪೂಜೆಗೆ ಕುಂಕುಮ ಹಚ್ಚಿದಾಗ ಇದ್ದ ಅಲಗು ಕಾರ್ತಿಕಕ್ಕೆ ಉಳಿದಿರಲಿಲ್ಲ.

ನೀರು ಕುಡಿಸುವ ದಿನ, ಅಂದರೆ ಕಾದ ಅಲಗನ್ನು ಎಣ್ಣೆಗೆ ಅದ್ದಿ ಗಡಸು ಮಾಡುವ ದಿನ, ನಮ್ಮನ್ನೆಲ್ಲ ಕರೆದಿದ್ದರು. ಸುಮಾರು 770 ಡಿಗ್ರಿ ದಾಟಿದ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಲ್ಲಿಂದ ಇನ್ನೊಂದಿಷ್ಟು ಕಾಯಿಸಿ ಅದ್ದಬೇಕು. ಅಯಸ್ಕಾಂತ ಫ್ರಿಜ್ಜಿನ ಬಾಗಿಲಿನಿಂದ ಬಂದಿತ್ತು, ಸಿಂಗಪುರ ಪ್ರವಾಸದ ನೆನಪಿಗೆ ತಂದ ಸಿಂಹಮುಖದ ಮೀನು, ಹಾಲಿನ ಚೀಟಿ ಹಿಡಿದಿಡುತ್ತಿದ್ದದ್ದು. ಅದನ್ನು ತಂತಿಗೆ ಕಟ್ಟಿ ಕೆಂಪಗಾದ ಅಲಗಿಗೆ ಮುಟ್ಟಿಸಿದರು. ಅಂಟಲಿಲ್ಲ. ರಾಯರ ಮುಖ ಅರಳಿತು, ಸಿಂಹದ ಮುಖ ಕರಗಿತು. ಚಕ್ಕುಲಿ ಡಬ್ಬಿಯಲ್ಲಿ ಬೆಚ್ಚಗಿಟ್ಟಿದ್ದ ಸೂರ್ಯಕಾಂತಿ ಎಣ್ಣೆಗೆ ಅಲಗು ಇಳಿದದ್ದೇ ತಡ, ಭಗ್ಗೆಂದು ಜ್ವಾಲೆ ಎದ್ದು, ಎರಡು ಬೀದಿಯಾಚೆಗೂ ಬೋಂಡಾ ಕರಿದ ವಾಸನೆ ಹಬ್ಬಿತು. ಕೆಳಗಿನಿಂದ ಯಾರೋ ಏನು ವಿಶೇಷ ಎಂದು ಕೇಳಿದರು. ಹೊಸ ಅರದಿಂದ ಉಜ್ಜಿ ನೋಡಿದರೆ ಅರ ಕಚ್ಚದೆ ಜಾರಿತು. ಹದ ಬಂದಿತ್ತು! ಚಪ್ಪಾಳೆ ತಟ್ಟಿದೆವು. ಆಮೇಲೆ ರಾಯರು ಅಲಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿದರು, ಮತ್ತೆ ಇನ್ನೊಂದು ಕಣ್ಣು ಮುಚ್ಚಿದರು. ಅಲಗು ಎಡಕ್ಕೆ ಸೊಟ್ಟಗಾಗಿತ್ತು.

ಸೊಟ್ಟಗಿದ್ದರೂ ಹಾಗೇ ಬಿಡುವಂತಿಲ್ಲ. ಆಗಷ್ಟೇ ಗಡಸಾದ ಅಲಗು ಬಲು ಪೆಡಸು, ಕೈತಪ್ಪಿ ಬಿದ್ದರೆ ಚೂರು. 200 ಡಿಗ್ರಿಯಲ್ಲಿ ಎರಡು ಗಂಟೆಯಂತೆ ಎರಡು ಸಲ ಕಾಯಿಸಿ, ಒಣಹುಲ್ಲಿನ ಬಣ್ಣ ಬಂದ ಮೇಲೆ ತೆಗೆಯಬೇಕು. ಕೇಕ್ ಮಾಡುವ ಓವನ್ನಿಗೆ ಅಲಗು ಹೋಯಿತು. ಮಗಳ ಹುಟ್ಟುಹಬ್ಬದ ಕೇಕು ಮುಂದಿನ ವಾರ ಅದೇ ಓವನ್ನಿನಿಂದ ಹೊರಬಂದದ್ದನ್ನು ನಾವು ತಿಂದಿದ್ದೇವೆ, ಹೆಚ್ಚು ಹೇಳಲಾರೆ.

ಇಷ್ಟೆಲ್ಲ ನಕ್ಕರೂ ನನಗೆ ಈ ಹುಚ್ಚಿನ ಮೇಲೆ ಒಂದು ಬಗೆಯ ಗೌರವವಿದೆ. ರಾಯರ ಕಚೇರಿಯಲ್ಲಿ ಕೆಟ್ಟ ಕೆಲಸವನ್ನು ಒಳ್ಳೆಯ ಸ್ಲೈಡಿನಲ್ಲಿ ಮುಚ್ಚಬಹುದು. ಬಿರುಕು ಬಿಟ್ಟ ಅಲಗಿನ ಮುಂದೆ ಯಾವ ಸ್ಲೈಡೂ ನಡೆಯುವುದಿಲ್ಲ. ಅವರ ಅತ್ತೆಯ ಮುಂದೆಯೂ ನಡೆಯುವುದಿಲ್ಲ. ಹಿಡಿ ಹಾಕಿ ಮಸೆದ ಆ ಚಾಕುವಿನಿಂದ ರಾಯರು ಟೊಮೇಟೊ ಕೊಯ್ಯಲು ಹೋಗಿ ಗೊಜ್ಜು ಮಾಡಿದಾಗ, ಆಕೆ ಮಾತಾಡದೆ ಈಳಿಗೆಮಣೆ ಎಳೆದುಕೊಂಡು ಹುರುಳಿಕಾಯಿ ಹೆಚ್ಚತೊಡಗಿದರು. ಅದು ತೀರ್ಥಹಳ್ಳಿ ಕಡೆಯ ಅವರ ಊರಿನ ಆಚಾರಿ ಬಡಿದದ್ದು.

ರಜೆಗೆ ಆ ಊರಿಗೆ ಹೋದಾಗ ರಾಯರು ಚಾಕು ಹಿಡಿದು ಅದೇ ಆಚಾರಿಯ ಕುಲುಮೆಗೆ ಹೋದರು. ನಾನೂ ಜೊತೆಗಿದ್ದೆ. ಆಚಾರಿಯದು ಮಾಸಿದ ಬನಿಯನ್ನು, ಮೇಲೆತ್ತಿ ಕಟ್ಟಿದ ಲುಂಗಿ. ಆಚಾರಿ ಚಾಕುವನ್ನು ತಿರುಗಿಸಿ ನೋಡಿ, ಹಿಡಿ ಕಿತ್ತು, ಬೆಂಕಿಗೆ ತುರುಕಿ, ನಾಲ್ಕೇ ಏಟಿಗೆ ನೆಟ್ಟಗೆ ಮಾಡಿದರು. ಮತ್ತೆ ಕಾಯಿಸಿ, ಬಾಯಿಯಷ್ಟನ್ನೇ ನೀರಿಗೆ ತಾಗಿಸಿ ತೆಗೆದು, ಇಟ್ಟಿಗೆ ಚೂರಿನಿಂದ ಗಸಗಸ ಉಜ್ಜಿ, ಬೆನ್ನಿನ ಬಿಸಿ ಬಾಯಿಯ ಕಡೆ ಹರಿಯುತ್ತಾ ಹಳದಿ ಬಣ್ಣ ಏರುವುದನ್ನು ನೋಡುತ್ತಾ ನಿಂತರು. ಬಣ್ಣ ಕಂದಿಗೆ ತಿರುಗುವಷ್ಟರಲ್ಲಿ ಪೂರ್ತಿ ನೀರಿಗೆ.

“ಟೆಂಪರೇಚರ್ ಎಷ್ಟಿತ್ತು?” ರಾಯರು ಮೊಬೈಲಿನಲ್ಲಿ ಬರೆದುಕೊಳ್ಳಲು ಸಿದ್ಧರಾದರು.

“ಕಾಣ್ತದಲ್ಲ,” ಎಂದರು ಆಚಾರಿ.

“ಕಾಣದೇ ಹೋದರೆ?”

“ಕಾಣದವ್ರು ಯಾಕೆ ಈ ಕೆಲಸಕ್ಕೆ ಬರ್ತಾರೆ?”

ರಾಯರು ತಮ್ಮ ತಾರಸಿಯ ಕುಲುಮೆಯ ಫೋಟೊಗಳನ್ನು ತೋರಿಸಿದರು. ಆಚಾರಿ ಒಂದೊಂದನ್ನೂ ಗಂಭೀರವಾಗಿ ನೋಡಿದರು, ರಾಯರ ಅಂಗೈಯ ಬೊಬ್ಬೆಗಳನ್ನೂ ನೋಡಿದರು. ಆಮೇಲೆ ದನಿ ತಗ್ಗಿಸಿ, “ಕಂಪನಿ ಕೆಲಸ ಹೋಯ್ತಾ ಸ್ವಾಮಿ?” ಎಂದು ಕೇಳಿದರು.

ಹೋಗಿಲ್ಲ, ಇದು ಬರೀ ಹವ್ಯಾಸ, ಮನಸ್ಸಿಗೆ ಒಳ್ಳೆಯದು ಎಂದು ರಾಯರು ಬಗೆಬಗೆಯಾಗಿ ವಿವರಿಸಿದರು. ಆಚಾರಿ ತಲೆಯಾಡಿಸುತ್ತಾ ಎಲ್ಲ ಕೇಳಿದರು. ಒಂದನ್ನೂ ನಂಬಿದಂತೆ ಕಾಣಲಿಲ್ಲ.

“ಬೇಜಾರು ಮಾಡ್ಕೋಬೇಡಿ,” ಎಂದರು. “ನಮ್ಮ ಹುಡುಗನೂ ಬಿಇ ಮುಗಿಸಿ ಮನೇಲಿದಾನೆ. ನಿಮ್ಮ ಜಾಗಕ್ಕೆ ಇನ್ನೂ ಯಾರನ್ನೂ ತಗೊಂಡಿಲ್ಲ ಅಂದ್ರೆ, ಒಂದು ಮಾತು ಹೇಳಿ ಸ್ವಾಮಿ.”