ಕ್ವಿಬಲ್ ಅಂದರೆ ಎಷ್ಟು ದೊಡ್ಡ ಜಗಳ?

ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು ಈಗ ನಿವೃತ್ತರ ನಿತ್ಯಕರ್ಮ. ನನ್ನ ಷಡ್ಡಕರದಂತೂ ಸಂಧ್ಯಾವಂದನೆ ತಪ್ಪಿದರೂ ಪತ್ರ ತಪ್ಪದು. ಮೊನ್ನೆಯದರ ಒಕ್ಕಣೆ ಹೀಗಿತ್ತು: 'ವಿ ಹ್ಯಾವ್ ಎ ಸೀರಿಯಸ್ ಕ್ವಿಬಲ್.' ವಿಷಯ ಏನಪ್ಪಾ ಅಂದರೆ, ನಲ್ಲಿಯಲ್ಲಿ ನೀರೇ ಬರುತ್ತಿಲ್ಲ!

"ರಾಯರೇ, ನೀರಿಲ್ಲದ್ದು ಕ್ವಿಬಲ್ ಅಲ್ಲ. ಆರಕ್ಕೆ ಬಿಡಬೇಕಾದ ನೀರನ್ನು ಆರೂ ಐದಕ್ಕೆ ಬಿಟ್ಟರು ಅಂತ ಕ್ಯಾತೆ ತೆಗೆದರೆ, ಅದು ಕ್ವಿಬಲ್" ಅಂದೆ.

"ಕಂಪ್ಲೇಂಟ್ ಅಂದರೆ ಒರಟಾಗುತ್ತೆ ಕಣ್ರೀ. ಇದರಲ್ಲೊಂದು ತೂಕ ಇದೆ."

ಕ್ಯೂ ಅಕ್ಷರದಿಂದ ಶುರುವಾಗುವ ಪದಕ್ಕೆಲ್ಲ ಕೋಟು ತೊಡಿಸಿ ನೋಡುವ ಅಭ್ಯಾಸ ನಮಗೆ. ಇದಕ್ಕೋ, ಹುಟ್ಟಿನಿಂದಲೇ ತೂಕವಿಲ್ಲ. ಹಳೆಯ ಕಾನೂನು ದಸ್ತಾವೇಜುಗಳಲ್ಲಿ ಮೇಲಿಂದ ಮೇಲೆ ಬರುತ್ತಿದ್ದ 'ಕ್ವಿಬುಸ್' ಎಂಬ ಲ್ಯಾಟಿನ್ ಪದದಿಂದ ವಕೀಲರ ಮಾತಿನ ತಿರುಚಾಟಕ್ಕೆ ಈ ಹೆಸರು ಅಂಟಿರಬೇಕು ಎಂಬುದು ನಿಘಂಟುಕಾರರ ಊಹೆ. ಒಂದು ಕಾಲಕ್ಕೆ ಶ್ಲೇಷೆಗೂ ಇದೇ ಹೆಸರು. 1765ರಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನು ಸಂಪಾದಿಸಿದ ಸ್ಯಾಮ್ಯುಯಲ್ ಜಾನ್ಸನ್, ಈ ಮನುಷ್ಯ ಒಂದು ಕ್ವಿಬಲ್ ಕಂಡರೆ ಸಾಕು, ಹಿಡಿದ ಕೆಲಸ ಬಿಟ್ಟು ಅದರ ಹಿಂದೆ ಓಡುತ್ತಾನೆ ಎಂದು ಮುನ್ನುಡಿಯಲ್ಲೇ ಗೊಣಗಿದ. ಷೇಕ್ಸ್‌ಪಿಯರನ ಮೊಸರಲ್ಲೂ ಕಲ್ಲು ಹುಡುಕಿದ ಪುಣ್ಯಾತ್ಮ!

ಈಗ ಈ ಪದದ ಒಳ್ಳೆಯ ಗಿರಾಕಿಗಳೆಂದರೆ ಪುಸ್ತಕ ವಿಮರ್ಶಕರು. ಮೂರು ಪ್ಯಾರಾ ಹೊಗಳಿ, ಕೊನೆಗೆ 'ಐ ಹ್ಯಾವ್ ಒನ್ ಕ್ವಿಬಲ್' ಎಂದು ಪದಸೂಚಿ ಇಲ್ಲದ್ದನ್ನೋ, ನಕ್ಷೆಯ ಅಕ್ಷರ ಕಾಣದ್ದನ್ನೋ ಹೇಳುತ್ತಾರೆ. ನಮ್ಮ ಆಕ್ಷೇಪಕ್ಕೆ ನಾವೇ ಈ ಹೆಸರಿಟ್ಟರೆ ಅದು ವಿನಯ. ಎದುರಿನವರ ಆಕ್ಷೇಪಕ್ಕೆ ಇಟ್ಟಿರೋ, ಕೆಟ್ಟಿರಿ. 'ಯುವರ್ ಕ್ವಿಬಲ್ಸ್ ಆರ್ ನೋಟೆಡ್' ಎಂದು ಕಾರ್ಯದರ್ಶಿ ಉತ್ತರ ಬರೆದರೆ, ನಿಮ್ಮ ಪುಟಗೋಸಿ ತಕರಾರು ನೋಡಿದ್ದೇನೆ, ಹೋಗಿ ಮಲಗಿ ಅಂದಂತೆಯೇ.

ವ್ಯಾಕರಣದ ಕಾಟ ಹೆಚ್ಚಿಲ್ಲ. 'ಕ್ವಿಬಲ್ಡ್ ದ ಬಿಲ್' ಅಂತ ಬರೆದರೆ ಕುಂಟುತ್ತದೆ; ನಡುವೆ 'ಓವರ್' ಅಥವಾ 'ಎಬೌಟ್' ಬೇಕು. ಯಾರ ಜೊತೆ ಎನ್ನುವುದಕ್ಕೆ 'ವಿತ್'. ಇನ್ನು 'ಮೈನರ್ ಕ್ವಿಬಲ್' ಎಂದರೆ 'ಸಣ್ಣ ಚಿಕ್ಕ ತಕರಾರು' ಎಂದಂತೆ, ದ್ವಿರುಕ್ತಿ, ತಪ್ಪು ಎನ್ನುವ ಮಡಿವಂತರಿದ್ದಾರೆ. ಒಳ್ಳೊಳ್ಳೆಯ ಲೇಖಕರೇ ಹಾಗೆ ಬರೆಯುತ್ತಾರೆ, ಬರೆಯಲಿ ಬಿಡಿ. ಆದರೆ 'ಸೀರಿಯಸ್ ಕ್ವಿಬಲ್'? ಅದನ್ನು ತಮಾಷೆಗಷ್ಟೇ ಬರೆಯಬಹುದು. ನಮ್ಮ ರಾಯರು ತಮಾಷೆ ಮಾಡುವ ಪೈಕಿ ಅಲ್ಲ.

"ಹಾಗಾದರೆ ನಿಟ್‌ಪಿಕ್ ಅಂತ ಹಾಕಲೇ?" ಅಂದರು. ಹಾಕಿ, ಧಾರಾಳವಾಗಿ. ನಿಟ್ ಎಂದರೆ ಹೇನಿನ ಮೊಟ್ಟೆ, ನಮ್ಮ ಈರು. ಕೂದಲು ಬಿಡಿಸಿ ಬಿಡಿಸಿ ಈರು ಹೆಕ್ಕುವ ಕೆಲಸಕ್ಕೆ ಅಮೆರಿಕನ್ನರು ಕಟ್ಟಿದ ಪದ. ಕಾರ್ಯದರ್ಶಿಯದು ಬೋಳುತಲೆ ಅನ್ನುವುದೊಂದೇ ತೊಡಕು.

ಬ್ರಿಟನ್ನಿನ ಅಂಗಡಿಗಳಲ್ಲಿ 'ನೋ ಕ್ವಿಬಲ್ ಗ್ಯಾರಂಟಿ' ಎಂಬುದೊಂದಿದೆ. ಕೊಂಡದ್ದು ಹಿಡಿಸಲಿಲ್ಲವೇ, ತನ್ನಿ, ಕೊಂಕು ತೆಗೆಯದೆ ದುಡ್ಡು ವಾಪಸು ಕೊಡುತ್ತೇವೆ ಎಂದರ್ಥ. ಅಲ್ಲಿ ಕ್ವಿಬಲ್ ಮಾಡಬಾರದವನು ಅಂಗಡಿಯವನು, ಗಿರಾಕಿಯಲ್ಲ. 'ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ' ಎಂದು ಗಲ್ಲಾಪೆಟ್ಟಿಗೆಯ ಮೇಲೆಯೇ ಬರೆಸಿಡುವ ನಮ್ಮ ಶೆಟ್ಟರಿಗೆ ಈ ಪದದ ಅಗತ್ಯವೇ ಬಿದ್ದಿಲ್ಲ.