ಹತ್ತರ ನೋಟು ಹಿಡಿದು ನಿಂತವನ ಪತ್ರ

ಅಮೆರಿಕದ ಸೇಲ್ಸ್ ಟ್ಯಾಕ್ಸ್ ಸಾಹೇಬರ ಸನ್ನಿಧಾನಕ್ಕೆ,

ಮಗಳ ಬಾಣಂತನಕ್ಕೆಂದು ಹೆಂಡತಿಯ ಹಿಂದೆ ಮೈಸೂರಿನಿಂದ ನ್ಯೂಜೆರ್ಸಿಗೆ ಬಂದವನು ನಾನು. ತಮ್ಮ ಪರಿಚಯವಾದದ್ದು ಒಂದು ಸೌಟಿನ ದೆಸೆಯಿಂದ. ಚೀಟಿಯಲ್ಲಿ 9.99 ಡಾಲರ್ ಎಂದಿತ್ತು. ಹತ್ತರ ನೋಟು ಕೊಟ್ಟು, ಬರಬೇಕಾದ ಒಂದು ಸೆಂಟಿಗಾಗಿ ಅಂಗೈ ಚಾಚಿ ನಿಂತೆ. ಕೌಂಟರಿನ ಹುಡುಗಿಯೂ ಅಂಗೈ ಚಾಚಿ ನಿಂತಳು. ಹತ್ತು ಅರವತ್ತೈದಂತೆ! ನಮ್ಮಲ್ಲಿ ಬಿಸ್ಕತ್ತಿನ ಪೊಟ್ಟಣದ ಮೇಲೂ ಎಲ್ಲ ತೆರಿಗೆ ಸೇರಿಸಿಯೇ ಎಂಆರ್‌ಪಿ ಅಚ್ಚಾಗಿರುತ್ತದೆ. ತಾವೋ, ಎಲೆಗೆ ಬಡಿಸಿದ ಮೇಲೆ ಬಂದು ಪಂಕ್ತಿಯಲ್ಲಿ ಜಾಗ ಕೇಳುವ ನೆಂಟರು.

ಹೋಗಲಿ ಎಂದು ನ್ಯೂಜೆರ್ಸಿಯ ತಮ್ಮ ದರ 6.625 ಪರ್ಸೆಂಟನ್ನು ಮಗ್ಗಿಯ ಹಾಗೆ ಉರು ಹೊಡೆದೆ. ಹಡ್ಸನ್ ನದಿ ದಾಟಿ ನ್ಯೂಯಾರ್ಕಿಗೆ ಹೋದರೆ ಅಲ್ಲಿ ತಮ್ಮ ಅವತಾರವೇ ಬೇರೆ: ರಾಜ್ಯಕ್ಕೆ 4, ನಗರಕ್ಕೆ 4.5, ಸಾರಿಗೆಯ ಬಾಬ್ತು 0.375. ಒಟ್ಟು 8.875. ಆ ಮೂರನೇ ದಶಾಂಶವನ್ನು ಕಂಡುಹಿಡಿದ ಮಹಾನುಭಾವರ ಪಾದ ಎಲ್ಲಿದೆ ಹೇಳಿ, ಹಣ್ಣುಕಾಯಿ ಮಾಡಿಸುತ್ತೇನೆ. ಅಲ್ಲೇ ಬೇಗಲ್ ಎಂಬ ದುಂಡು ರೊಟ್ಟಿಯನ್ನೂ ಕಂಡೆ. ಇಡಿಯಾಗಿ ಕಟ್ಟಿಸಿಕೊಂಡು ಹೊರಟರೆ ತಮಗೆ ಕಾಸೂ ಇಲ್ಲ. ಅಂಗಡಿಯವನು ಅದನ್ನೇ ಸೀಳಿ ಕೊಟ್ಟರೆ ತಾವು ಹಾಜರ್! ತೆರಿಗೆ ರೊಟ್ಟಿಗೋ, ಚಾಕುವಿಗೋ?

ನ್ಯೂಜೆರ್ಸಿಯಲ್ಲಿ ಕ್ಯಾಂಡಿಗೆ ತಮ್ಮ ಪಾಲುಂಟು. ಆದರೆ ಹಿಟ್ಟು ಬೆರೆತಿದ್ದರೆ ಅದು ಕ್ಯಾಂಡಿಯೇ ಅಲ್ಲವಂತೆ, ಹಾಗಾಗಿ ಕಿಟ್‌ಕ್ಯಾಟ್ ಬಚಾವು. ಕಡಲೆಹಿಟ್ಟಿನ ಮೈಸೂರು ಪಾಕಿನ ಜಾತಕವನ್ನೂ ದಯಮಾಡಿ ನೋಡಿ. ಬಟ್ಟೆಬರೆಗೂ ಇಲ್ಲಿ ತಾವು ಕೈ ಹಾಕುವುದಿಲ್ಲ. ಎಡಿಸನ್ನಿನ ಓಕ್ ಟ್ರೀ ರೋಡಿನಲ್ಲಿ ಇದು ಗೊತ್ತಾದ ಕ್ಷಣ ನಮ್ಮ ಮನೆಯವರು, "ಸೌಟಿಗೆ ದಂಡ ತೆತ್ತಿರಿ, ಸೀರೆಯಲ್ಲಾದರೂ ಉಳಿಸೋಣ" ಎಂದು ಮೂರು ಸೀರೆಯಷ್ಟು ಉಳಿತಾಯ ಮಾಡಿದರು. ಆ ಉಳಿತಾಯದ ಬಿಲ್ಲು ನನ್ನ ಜೇಬಿನಲ್ಲಿದೆ.

ಆನ್‌ಲೈನಿನಲ್ಲಿ ತರಿಸಿ ತಮ್ಮ ಕಣ್ಣು ತಪ್ಪಿಸುವ ದಾರಿಯೊಂದಿತ್ತಂತೆ. ಅಂಗಡಿ ತಮ್ಮ ರಾಜ್ಯದಲ್ಲಿ ಇಲ್ಲದಿದ್ದರೂ ವಸೂಲಿ ಮಾಡಿಸಬಹುದೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಅದೂ ಮುಚ್ಚಿತು.

ಉಳಿದದ್ದು ಡೆಲವೇರ್. ಸೇಲ್ಸ್ ಟ್ಯಾಕ್ಸೇ ಇಲ್ಲದ ಪುಣ್ಯಭೂಮಿ. ಹೊಸ ಫೋನ್ ಕೊಳ್ಳಲು ಅಳಿಯಂದಿರು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೊರಟರು. ಪೆಟ್ರೋಲು, ಟೋಲು, ದಾರಿಯ ಕಾಫಿಗಳ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಆದರೆ ಹೊರಗಿನಿಂದ ತಂದು ನ್ಯೂಜೆರ್ಸಿಯಲ್ಲಿ ಬಳಸುವ ಇಂಥ ಮಾಲಿಗೆ 'ಯೂಸ್ ಟ್ಯಾಕ್ಸ್' ಎಂದು ತಾವೇ ಹಿಂಬಾಗಿಲಿನಿಂದ ಬರುತ್ತೀರಿ, ಅದನ್ನು ಬರೆಯಲು ರಿಟರ್ನ್ಸ್ ಫಾರಮ್ಮಿನಲ್ಲಿ ಒಂದು ಸಾಲೇ ಇದೆ ಎಂದು ಎಲ್ಲೋ ಓದಿದ್ದೆ. ವಾಪಸು ಬರುವಾಗ, "ಆ ಸಾಲು ತುಂಬುತ್ತೀರಲ್ಲವೇ?" ಎಂದು ಕೇಳಿದೆ. ಅಳಿಯಂದಿರು ಹಾಡಿನ ವಾಲ್ಯೂಮು ಜಾಸ್ತಿ ಮಾಡಿದರು.

ಇಂತಿ,
ಇನ್ನೂ ಅರವತ್ತೈದು ಸೆಂಟಿಗೆ ಜೇಬು ತಡಕುತ್ತಿರುವ
ಒಬ್ಬ ಮಾವ